ಹಳೇ ಬುಲೆಟ್ಟಿಗೆ ಸೈಡ್‌ಕಾರ್ ಕಟ್ಟಿ ಓಡಿಸ್ತಿರೋ ನನ್ನ ಅನುಭವ

ಸೈಡ್‌ಕಾರ್ (ಬೈಕಿನ ಪಕ್ಕಕ್ಕೆ ಕಟ್ಟೋ, ಒಂದು ಚಕ್ರದ, ಒಬ್ಬರು ಕೂರೋ ತೊಟ್ಟಿ) ಇರೋ ಗಾಡಿ ಎಲ್ಲೇ ನಿಲ್ಸಿದ್ರೂ ಜನ ಮೊದಲು ಕೇಳೋದು ಪೇಂಟ್ ಎಲ್ಲಿ ಮಾಡ್ಸಿದ್ರಿ, ಒಟ್ಟು ಎಷ್ಟಾಯ್ತು ಅಂತ. ಬೈಕು ಮತ್ತೆ ಸೈಡ್‌ಕಾರನ್ನ ಯಾವ ಯಾವ ಜಾಗದಲ್ಲಿ ಹಿಡಿದು ಕಟ್ಟಿದೀರಿ, ಚಕ್ರ ಎಷ್ಟು ಒಳಕ್ಕಿದೆ, ಬೈಕು ಎಷ್ಟು ವಾಲಿದೆ ಅಂತ ಕೇಳೋರು ತುಂಬಾ ಕಮ್ಮಿ, ಆದ್ರೆ ಇಡೀ ವಿಷಯ ಇರೋದೇ ಅಲ್ಲಿ. ಎಂಜಿನ್ ಎಷ್ಟೇ ಚೆನ್ನಾಗಿ ಕಟ್ಟಿರಿ, ಕ್ರೋಮ್ ಎಷ್ಟೇ ಹೊಳೀಲಿ, ಅಲೈನ್‌ಮೆಂಟ್ ಸರಿ ಇಲ್ಲ ಅಂದ್ರೆ ಹತ್ತು ಕಿಲೋಮೀಟರ್ ಓಡ್ಸೋಷ್ಟರಲ್ಲಿ ಭುಜ ಬಿದ್ದುಹೋಗುತ್ತೆ. ಹಾಗಾಗಿ ಬೇರೆಯದನ್ನ ಬೇಗ ಮುಗಿಸಿ ಅದರ ಬಗ್ಗೆನೇ ಜಾಸ್ತಿ ಬರೀತೀನಿ.

ನನ್ನದು 1974ರ ಬುಲೆಟ್ 350, ಮದ್ರಾಸಲ್ಲಿ ತಯಾರಾಗಿದ್ದು, ಎಂವೈ ಅಂತ ಶುರುವಾಗೋ ಹಳೇ ನಂಬರ್. ಮೈಸೂರಲ್ಲಿದ್ಕೊಂಡು ಜಾವಾ ಬಿಟ್ಟು ಬುಲೆಟ್ ಯಾಕೆ ಅಂತ ಸುಮಾರು ಜನ ಕೇಳಿದಾರೆ. ಯಾದವಗಿರಿ ಫ್ಯಾಕ್ಟರೀಲಿ 1961ರಿಂದ ಗಾಡಿ ಮಾಡಿದ ಊರು ಇದು, ಕೇಳೋದು ನ್ಯಾಯಾನೇ. ಜಾವಾ ಮೇಲೆ ನಂಗೂ ಪ್ರೀತಿ ಇದೆ, ಆದ್ರೆ ಪಕ್ಕದಲ್ಲಿ ಒಂದು ಚಾಸಿ, ಬಾಡಿ, ಒಬ್ಬರನ್ನ ಕೂರಿಸ್ಕೊಂಡು ಏರಿ ಹತ್ತಬೇಕು ಅಂದ್ರೆ ಕಮ್ಮಿ ಸ್ಪೀಡಲ್ಲಿ ಎಳೆಯೋ ಎಂಜಿನ್ ಬೇಕು. ಬುಲೆಟ್‌ದು 70 ಮಿಲಿಮೀಟರ್ ಬೋರ್ (ಸಿಲಿಂಡರಿನ ಅಗಲ), 90 ಮಿಲಿಮೀಟರ್ ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡಾಡೋ ದೂರ), 346 ಸಿಸಿ. ಪವರ್ ಹದಿನೆಂಟು ಎಚ್‌ಪಿ ಅಷ್ಟೇ, ಆದ್ರೆ ಆ ಉದ್ದ ಸ್ಟ್ರೋಕು, ಭಾರದ ಫ್ಲೈವೀಲು ಇದೆಯಲ್ಲ, ಅದು ಲೋಡ್ ಬಿದ್ದಾಗ ಗೊತ್ತಾಗುತ್ತೆ.

ಸೈಡ್‌ಕಾರೇ ಯಾಕೆ ಬೇಕಿತ್ತು ಅಂದ್ರೆ ಅಮ್ಮನಿಗೆ ಮಂಡಿ ನೋವು, ಹಿಂದಿನ ಸೀಟಿಗೆ ಕಾಲೆತ್ತಿ ಹತ್ತೋಕಾಗಲ್ಲ, ಕಾರಲ್ಲಿ ಕೂತ್ರೆ ಗಾಳಿ ಬರಲ್ಲ ಅಂತ ತಕರಾರು.

ಎಂಜಿನ್ ವಿಷಯ. ಹಿಂದಿನ ಓನರ್ ಎಲ್ಲೋ ಬೋರ್ ಮಾಡ್ಸಿದ್ರು, ಬೋರು ಮೇಲೊಂದು ಅಳತೆ ಕೆಳಗೊಂದು ಅಳತೆ ಇತ್ತು. ಇನ್ನೊಂದು ಲೇತಲ್ಲಿ ಮುಂದಿನ ಓವರ್‌ಸೈಜ್‌ಗೆ ಹೊಡೆಸಿ ಹೊಸ ಪಿಸ್ಟನ್ ಹಾಕ್ಸಿದೆ. ಈ ಎಂಜಿನ್ನಲ್ಲಿ ಕನೆಕ್ಟಿಂಗ್ ರಾಡ್ ಕೆಳಗಡೆ ಇರೋದು ಫ್ಲೋಟಿಂಗ್ ಬುಷ್, ಅಂದ್ರೆ ಆಯಿಲ್ ಪದರದ ಮೇಲೆ ತಿರುಗೋ ಲೋಹದ ಬಳೆ, ರೋಲರ್ ಬೇರಿಂಗ್ ಅಲ್ಲ, ಅದು ಬದುಕೋದು ಆಯಿಲ್ ಮೇಲೆ. ಸೈಡ್‌ಕಾರ್ ಎಳೆಯೋ ಗಾಡಿಗೆ ಆಯಿಲ್ ಪಂಪ್ ಬಿಚ್ಚಿ ನೋಡ್ದೆ ಬಿಡಲೇಬಾರದು. ಎರಡು ಪಂಪ್ ಇರುತ್ತೆ, ಒಂದು ಕಳ್ಸುತ್ತೆ ಒಂದು ವಾಪಸ್ ಎಳ್ಕೊಳ್ಳುತ್ತೆ, ಅವುಗಳ ಡಿಸ್ಕ್ ಗೀರು ಬಿದ್ದಿದ್ರೆ ದಪ್ಪ ಗಾಜಿನ ಮೇಲೆ ನೈಸ್ ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಎಂಟರ ಆಕಾರದಲ್ಲಿ ಉಜ್ಜಿ ಮಟ್ಟ ಮಾಡ್ಬೇಕು. ಪಂಪ್ ತಿರುಗಿಸೋ ವರ್ಮ್ (ಸ್ಕ್ರೂ ಥರದ ಗೇರು) ಕ್ರ್ಯಾಂಕ್ ತುದೀಲಿದೆ, ಅದು ಉಲ್ಟಾ ಥ್ರೆಡ್, ಬಲ ಹಾಕೋಕೆ ಮುಂಚೆ ಅದನ್ನ ನೆನಪಿಟ್ಕೊಳ್ಳಿ. ಫಿಟ್ ಆದ್ಮೇಲೆ, ಮೇಲೆ ವಾಲ್ವ್ ಒತ್ತೋ ರಾಕರ್‌ಗೆ ಹೋಗೋ ಪೈಪ್ ಸಡಿಲ ಮಾಡಿ ಆಯಿಲ್ ಮೇಲಕ್ಕೆ ಬರ್ತಿದೆಯಾ ಅಂತ ಕಣ್ಣಾರೆ ನೋಡಿಯೇ ಮುಚ್ಚಿದ್ದು.

ಕಾರ್ಬೊರೇಟರ್ ಸ್ಲೈಡ್ ಸವೆದು ಐಡ್ಲಿಂಗ್ ನಿಲ್ತಾನೇ ಇರ್ಲಿಲ್ಲ, ಮಿಕ್‌ಕಾರ್ಬ್ ಕಂಪನಿಯ ಕಾರ್ಬೊರೇಟರ್ ಹಾಕ್ಸಿದೆ. ಕಿಡಿ ಕೊಡಿಸೋ ಕಾಂಟ್ಯಾಕ್ಟ್ ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿಲಿಮೀಟರ್ ಮಧ್ಯೆ, ಕಿಡಿಯ ಟೈಮಿಂಗ್ ಪಿಸ್ಟನ್ ಮೇಲಿನ ತುದಿ ಮುಟ್ಟೋಕೆ 0.8 ಮಿಲಿಮೀಟರ್ ಮುಂಚೆ. ಟ್ಯಾಪೆಟ್ (ವಾಲ್ವ್ ಸಂದು) ಸೆಟ್ ಮಾಡೋಕೆ ಗೇಜ್ ಬೇಡ, ಎಂಜಿನ್ ತಣ್ಣಗಿದ್ದಾಗ ರಾಕರ್ ತಳ್ಳೋ ಪುಶ್‌ರಾಡ್ ಎರಡು ಬೆರಳಲ್ಲಿ ಸಲೀಸಾಗಿ ತಿರುಗ್ಬೇಕು, ಆದ್ರೆ ಮೇಲೆ ಕೆಳಗೆ ಆಡಬಾರದು. ಇಷ್ಟು ಮಾಡಿ ಎಂಜಿನ್ ರನ್ನಿಂಗ್-ಇನ್ ಪೂರ್ತಿ ಸೈಡ್‌ಕಾರ್ ಇಲ್ದೇನೇ ಮುಗಿಸಿದೆ, ಹೊಸ ಪಿಸ್ಟನ್ ರಿಂಗ್ ಕೂರೋಕೆ ಮುಂಚೆ ಅದರ ಮೇಲೆ ಅಷ್ಟು ಭಾರ ಹಾಕೋದು ತಪ್ಪು.

ಸೈಡ್‌ಕಾರ್ ಸಿಕ್ಕಿದ್ದು ಗುಜರೀಲಿ. ಚಾಸಿ ಪೈಪ್ ಗಟ್ಟಿಯಾಗಿತ್ತು, ಬಾಡಿ ಕೂರೋ ಪಟ್ಟಿ ಸ್ಪ್ರಿಂಗಲ್ಲಿ ಒಂದೆರಡು ಎಲೆ ಮುರಿದಿತ್ತು, ಬಾಡಿ ತಳದ ತಗಡು ಅನ್ನೋದು ಹೆಸರಿಗೆ ಮಾತ್ರ ಇತ್ತು. ತಳ ಪೂರ್ತಿ ಕತ್ತರಿಸಿ ಹೊಸ ಶೀಟ್ ಹಾಕ್ಸಿ, ನೀರು ಹರಿದುಹೋಗೋಕೆ ತೂತು ಬಿಡ್ಸಿ, ಒಳಗಡೆ ರೆಡ್ ಆಕ್ಸೈಡ್ ಹೊಡೆದ್ಮೇಲೇನೇ ಟಿಂಕರಿಂಗ್‌ಗೆ ಕೈ ಹಾಕಿದ್ದು. ಪೇಂಟ್ ಬಗ್ಗೆ ಇಷ್ಟೇ, ಕೊನೇಲಿ ಮಾಡ್ಸಿ. ಬ್ರಾಕೆಟ್ ವೆಲ್ಡಿಂಗ್ ಎಲ್ಲ ಮುಗಿದು, ಗಾಡಿ ಒಂದಷ್ಟು ದಿನ ಓಡಿ, ಇನ್ನೇನೂ ಬದಲಾಯಿಸೋದಿಲ್ಲ ಅಂತ ಗ್ಯಾರಂಟಿ ಆದ್ಮೇಲೆ ಮಾಡ್ಸಿ.

ಈಗ ಜೋಡ್ಸೋ ವಿಷಯಕ್ಕೆ ಬರ್ತೀನಿ. ನಾವು ರಸ್ತೆ ಎಡಗಡೆ ಓಡಿಸೋರು, ಹಾಗಾಗಿ ಸೈಡ್‌ಕಾರ್ ಎಡಕ್ಕೆ. ಬುಲೆಟ್ ಫ್ರೇಮಲ್ಲಿ ಎಂಜಿನ್ ಕೆಳಗೆ ಪೈಪೇ ಇಲ್ಲ, ಮುಂದೆ ಕೆಳಕ್ಕಿಳಿಯೋ ಪೈಪು, ಡೌನ್‌ಟ್ಯೂಬ್, ಎಂಜಿನ್ ಹತ್ರ ಬಂದು ನಿಂತುಬಿಡುತ್ತೆ, ಅಲ್ಲಿಂದ ಹಿಂದಕ್ಕೆ ಎಂಜಿನ್ನೇ ಫ್ರೇಮ್ ಥರ ಕೆಲಸ ಮಾಡುತ್ತೆ. ಒಂಟಿ ಬೈಕಿಗೆ ಅದು ಸಾಕು. ಸೈಡ್‌ಕಾರ್ ಕಟ್ಟಿದ್ರೆ ಪ್ರತಿ ಗುಂಡಿಗೂ ಪಕ್ಕದಿಂದ ಬರೋ ಒದೆತ ಅಲ್ಯೂಮಿನಿಯಂ ಕೇಸಿಂಗ್ ಮೇಲೆ ಬೀಳುತ್ತೆ. ಅದಕ್ಕೇ ಎಂಜಿನ್ನಿನ ಮುಂದಿನ ಪ್ಲೇಟಿಂದ ಹಿಂದಿನ ಪ್ಲೇಟಿಗೆ ಕೆಳಗಡೆಯಿಂದ ಒಂದು ಸಬ್‌ಫ್ರೇಮ್ ಮಾಡ್ಸಿ, ಸೈಡ್‌ಕಾರ್‌ನ ಕೆಳಗಿನ ಎರಡು ಹಿಡಿತ ಅದಕ್ಕೆ ಕೊಟ್ಟೆ. ಮೇಲಿನ ಎರಡರಲ್ಲಿ ಒಂದು ಸ್ಟೀರಿಂಗ್ ಹೆಡ್ ಕೆಳಗೆ ಕ್ಲಾಂಪ್ ಮಾಡಿದ್ದು, ಇನ್ನೊಂದು ಸೀಟ್ ಕೆಳಗಡೆ. ಒಟ್ಟು ನಾಲ್ಕು. ಮೂರು ಸಾಕು ಅನ್ನೋರಿದಾರೆ, ನಾನಂತೂ ಒಪ್ಪಲ್ಲ, ಒಂದು ಬೋಲ್ಟ್ ಹೋದ್ರೂ ಉಳಿದ ಮೂರು ಗಾಡೀನ ಹಿಡ್ಕೊಂಡಿರಬೇಕು.

ನಮ್ಮ ಬುಲೆಟ್ಟಲ್ಲಿ ಇನ್ನೊಂದು ಪೇಚಾಟ ಇದೆ. ಗೇರು ಬಲಗಾಲಿಗೆ, ಬ್ರೇಕ್ ಎಡಗಾಲಿಗೆ, ಎಂಜಿನ್ನಿಂದ ಕ್ಲಚ್ಚಿಗೆ ಹೋಗೋ ಪ್ರೈಮರಿ ಚೈನ್ ಕವರ್ರೂ ಎಡಕ್ಕೆ. ಅಂದ್ರೆ ಸೈಡ್‌ಕಾರ್ ಬರೋ ಕಡೆಗೇ ಬ್ರೇಕ್ ಪೆಡಲ್ಲೂ ಇದೆ, ಕ್ಲಚ್ಚೂ ಇದೆ. ಹಿಂದಿನ ಕೆಳ ಬ್ರಾಕೆಟ್ ಒಂದಿಂಚು ಆಚೀಚೆ ಆದ್ರೆ ಕ್ಲಚ್ ಪ್ಲೇಟ್ ಬದಲಾಯಿಸೋಕೆ ಇಡೀ ಸೈಡ್‌ಕಾರ್ ಬಿಚ್ಬೇಕಾಗುತ್ತೆ. ವೆಲ್ಡಿಂಗ್ ಮಾಡೋ ಭಾಯ್‌ಗೆ ನಾನು ಹೇಳಿದ್ದು ಒಂದೇ, "ಭಾಯ್, ಕವರ್ ಹಾಕಿ ಟ್ಯಾಕ್ ಮಾಡಿ, ಕವರ್ ತೆಗೆದು ತೋರ್ಸಿ, ಆಮೇಲೆ ಫುಲ್ ವೆಲ್ಡ್ ಮಾಡಿ." ಅವರು ಬೂಟ್ ಹಾಕ್ಕೊಂಡು ತಾವೇ ಸೀಟಲ್ಲಿ ಕೂತು ಬ್ರೇಕ್ ತುಳಿದು ನೋಡಿ, "ಸಾರ್, ಕವರ್ ಬರುತ್ತೆ, ಆದ್ರೆ ಕಾಲು ತಾಗುತ್ತೆ" ಅಂತ ಬ್ರಾಕೆಟ್ಟನ್ನ ಇನ್ನೊಂಚೂರು ಕೆಳಗಿಳಿಸಿದ್ರು. ಅಂಥ ಕೆಲಸಗಾರ ಸಿಕ್ಕೋದು ಪುಣ್ಯ.

ಅಲೈನ್‌ಮೆಂಟ್‌ಗೆ ಬೇಕಾಗಿದ್ದು ಮಟ್ಟವಾದ ಸಿಮೆಂಟ್ ನೆಲ, ನೆಟ್ಟಗಿರೋ ಎರಡು ಉದ್ದ ಅಲ್ಯೂಮಿನಿಯಂ ಸೆಕ್ಷನ್, ಟೇಪು, ಗಾರೆಯವರ ರಸಮಟ್ಟ, ತೂಗುಗುಂಡು. ಮೊದಲು ಸೈಡ್‌ಕಾರ್ ಚಕ್ರದ ಆಕ್ಸಲ್ ಬೈಕಿನ ಹಿಂದಿನ ಆಕ್ಸಲ್‌ಗಿಂತ ಸುಮಾರು 15 ಸೆಂಟಿಮೀಟರ್ ಮುಂದೆ ಬರೋ ಹಾಗೆ ಇಟ್ಟೆ. ಇದು ಬಲಕ್ಕೆ ತಿರುಗುವಾಗ ಗಾಡಿ ಸೈಡ್‌ಕಾರ್ ಮೂತಿ ಮೇಲೆ ಮಗುಚದೇ ಇರೋಕೆ. ಆಮೇಲೆ ಒಂದು ಸೆಕ್ಷನ್ನನ್ನ ಬೈಕಿನ ಎರಡೂ ಟೈರಿಗೆ ತಾಗಿಸಿ, ಇನ್ನೊಂದನ್ನ ಸೈಡ್‌ಕಾರ್ ಟೈರಿಗೆ ತಾಗಿಸಿ, ಎರಡರ ಮಧ್ಯದ ದೂರ ಬೈಕಿನ ಮುಂದಿನ ಚಕ್ರದ ಮುಂದೆ ಒಂದ್ಸಲ, ಹಿಂದಿನ ಚಕ್ರದ ಹಿಂದೆ ಒಂದ್ಸಲ ಅಳೀಬೇಕು. ಮುಂದಿನ ಅಳತೆ ಕಮ್ಮಿ ಇರಬೇಕು, ಅಂದ್ರೆ ಸೈಡ್‌ಕಾರ್ ಚಕ್ರ ಬೈಕಿನ ಕಡೆಗೆ ಸ್ವಲ್ಪ ಮುಖ ಮಾಡಿರಬೇಕು. ನಂದು 18 ಮಿಲಿಮೀಟರ್ ವ್ಯತ್ಯಾಸಕ್ಕೆ ನಿಂತಿದೆ. ಒಂದು ಸೂಕ್ಷ್ಮ ಇದೆ, ನನ್ನ ಮುಂದಿನ ಟೈರು 3.25 ಇಂಚು, ಹಿಂದಿನದು 3.50 ಇಂಚು, ಹಿಂದಿನದು ಅಗಲ ಇರೋದ್ರಿಂದ ಸೆಕ್ಷನ್ ಓರೆಯಾಗಿ ಕೂರುತ್ತೆ, ಮುಂದಿನ ಟೈರ್ ಹತ್ರ ಮೂರು ಮಿಲಿಮೀಟರ್ ಪ್ಯಾಕಿಂಗ್ ಕೊಡದೇ ಅಳೆದ್ರೆ ಲೆಕ್ಕ ಎಲ್ಲಾ ತಪ್ಪು.

ಕೊನೇಗೆ ವಾಲು. ಬೈಕು ನೆಟ್ಟಗೆ ನಿಲ್ಲೋದಲ್ಲ, ಸೈಡ್‌ಕಾರಿಂದ ಆಚೆಗೆ, ಅಂದ್ರೆ ಬಲಕ್ಕೆ, ಒಂದೂವರೆ ಡಿಗ್ರಿಯಷ್ಟು ವಾಲಿರಬೇಕು, ಅದೂ ನಾವು ಸೀಟಲ್ಲಿ ಕೂತಿರುವಾಗ. ನಮ್ಮ ರಸ್ತೆ ನೀರು ಹರೀಲಿ ಅಂತ ಎಡಕ್ಕೆ ಇಳಿಜಾರಿರುತ್ತೆ, ಸೈಡ್‌ಕಾರ್ ಭಾರಾನೂ ಎಡಕ್ಕೇ ಎಳೆಯುತ್ತೆ, ಆ ಎಳೆತವನ್ನ ಈ ವಾಲು ತಿನ್ನುತ್ತೆ. ಮೇಲಿನ ಎರಡು ರಾಡಿಗೆ ಥ್ರೆಡ್ ಇರುತ್ತೆ, ಅದನ್ನ ತಿರುಗಿಸಿ ಸೆಟ್ ಮಾಡೋದು. ಗಾಡಿ ಎಡಕ್ಕೆ ಎಳೆದ್ರೆ ವಾಲು ಸ್ವಲ್ಪ ಜಾಸ್ತಿ ಮಾಡಿ, ಬಲಕ್ಕೆ ಎಳೆದ್ರೆ ಕಮ್ಮಿ ಮಾಡಿ. ಅರ್ಧ ಸುತ್ತು ತಿರುಗಿಸಿ, ಬನ್ನೂರು ರೋಡಲ್ಲಿ ಸ್ವಲ್ಪ ದೂರ ಓಡಿಸಿ, ವಾಪಸ್ ಬಂದು ಇನ್ನರ್ಧ ಸುತ್ತು, ಹೀಗೆ ಮಾಡ್ತಾ ಒಂದು ಹಂತದಲ್ಲಿ ಹ್ಯಾಂಡಲ್ ಮೇಲೆ ಬರೀ ಬೆರಳಿಟ್ಟಿದ್ರೂ ಗಾಡಿ ನೆಟ್ಟಗೆ ಹೋಯ್ತು ನೋಡಿ, ಹೊಸ ಗಾಡಿ ಕೊಂಡಾಗಲೂ ನಂಗೆ ಅಷ್ಟು ಸಂತೋಷ ಆಗಿರ್ಲಿಲ್ಲ. ನಿಧಾನಕ್ಕೆ, ಮೂವತ್ತರ ಆಸುಪಾಸಲ್ಲಿ, ಹ್ಯಾಂಡಲ್ ಅಲ್ಲಾಡೋದು ಸೈಡ್‌ಕಾರ್ ಗಾಡಿಗಳಲ್ಲಿ ಮಾಮೂಲು, ಅದಕ್ಕೆ ಸ್ಟೀರಿಂಗ್ ಡ್ಯಾಂಪರ್ ಹಾಕ್ಸಿದೀನಿ. ಎಂಜಿನ್ ಗೋಳಾಡಬಾರದು ಅಂತ ಗೇರ್‌ಬಾಕ್ಸ್ ಸ್ಪ್ರಾಕೆಟ್ಟಲ್ಲಿ ಒಂದು ಹಲ್ಲು ಕಮ್ಮಿ ಮಾಡ್ಸಿದೆ, ಮುಂದಕ್ಕೆ ಏಳಿಂಚಿನ ಬ್ರೇಕ್ ಡ್ರಮ್, ಮೂರೂ ಚಕ್ರಕ್ಕೆ ದಪ್ಪ ಗೇಜಿನ ಸ್ಪೋಕ್. ಒಂಟಿ ಬೈಕು ತಿರುವಲ್ಲಿ ವಾಲುತ್ತೆ, ಹಾಗಾಗಿ ಚಕ್ರಕ್ಕೆ ಪಕ್ಕದಿಂದ ಒತ್ತಡ ಅಷ್ಟಾಗಿ ಬೀಳಲ್ಲ. ಇದು ವಾಲಲ್ಲ, ಆ ಒತ್ತಡ ಪೂರ್ತಿ ಸ್ಪೋಕಿಗೂ, ಹಿಂದಿನ ಚಕ್ರ ಹಿಡಿದಿರೋ ಸ್ವಿಂಗ್‌ಆರ್ಮ್ ಬುಷ್ಷಿಗೂ ಬೀಳುತ್ತೆ.

ಇನ್ನು ಓಡ್ಸೋದು. ಬೈಕ್ ಓಡ್ಸೋಕೆ ಬರೋರಿಗೇ ಇದು ಕಷ್ಟ, ಯಾಕಂದ್ರೆ ಮೈ ಕಲಿತಿರೋದೆಲ್ಲ ಇಲ್ಲಿ ಉಲ್ಟಾ. ತಿರುಗ್ಬೇಕಂದ್ರೆ ಹ್ಯಾಂಡಲ್ಲನ್ನೇ ತಿರುಗಿಸ್ಬೇಕು. ಆಕ್ಸಿಲರೇಟರ್ ಕೊಟ್ರೆ ಪಕ್ಕದ ಭಾರ ಹಿಂದೆ ಉಳಿದು ಗಾಡಿ ಎಡಕ್ಕೆ ಹೋಗುತ್ತೆ, ಬ್ರೇಕ್ ಹಿಡಿದ್ರೆ ಅದೇ ಭಾರ ಮುಂದೆ ನುಗ್ಗಿ ಬಲಕ್ಕೆ, ಅಂದ್ರೆ ಎದುರು ಬರೋ ಬಸ್ಸಿನ ಕಡೆಗೆ. ಎಡ ತಿರುವು ಅಪಾಯ, ಸ್ಪೀಡ್ ಜಾಸ್ತಿ ಆದ್ರೆ ಸೈಡ್‌ಕಾರ್ ನೆಲ ಬಿಟ್ಟು ಏಳುತ್ತೆ. ತಿರುವಿನ ಮಧ್ಯೆ ಗಾಬರಿಯಾಗಿ ಆಕ್ಸಿಲರೇಟರ್ ಬಿಟ್ರೆ ಗಾಡಿ ಇನ್ನೂ ಅಗಲಕ್ಕೆ ಹೋಗುತ್ತೆ. ಸ್ಪೀಡ್ ಇಳಿಸೋದು ತಿರುವಿಗೆ ಮುಂಚೆ, ಒಳಗಡೆ ಹೋದ್ಮೇಲೆ ಸಣ್ಣಗೆ ಆಕ್ಸಿಲರೇಟರ್ ಕೊಡ್ತಾ ಮೈಯನ್ನ ಸೈಡ್‌ಕಾರ್ ಕಡೆ ಒರಗಿಸಿ ತಿರುಗ್ಸೋದು. ನಾನು ಇದನ್ನೆಲ್ಲ ಖಾಲಿ ಮೈದಾನದಲ್ಲಿ ಸುತ್ತು ಹೊಡೆದು ಹೊಡೆದು ಕಲಿತೆ, ಬೇಕು ಅಂತಲೇ ಸೈಡ್‌ಕಾರ್ ಎತ್ತಿಸಿ, ಎದ್ದಾಗ ಹ್ಯಾಂಡಲ್ ಬಲಕ್ಕೆ ಬಿಟ್ರೆ ಹೇಗೆ ಮೆತ್ತಗೆ ಕೂರುತ್ತೆ ಅಂತ ಕೈಗೆ ಅಭ್ಯಾಸ ಆಗೋವರೆಗೂ. ಒಬ್ಬನೇ ಹೋಗುವಾಗ ಸೈಡ್‌ಕಾರ್ ಒಳಗೆ ನಲವತ್ತು ಕೆಜಿ ಎಂ-ಸ್ಯಾಂಡ್ ಮೂಟೆ ಇರಲೇಬೇಕು, ಬರೀ ಸೈಡ್‌ಕಾರ್ ಇಟ್ಕೊಂಡು ಚಾಮುಂಡಿ ಬೆಟ್ಟದ ತಿರುವಿಗೆ ಹೋಗೋ ಧೈರ್ಯ ಯಾರೂ ಮಾಡಬೇಡಿ. ಬೆಟ್ಟ ಇಳಿಯುವಾಗ ಎರಡನೇ ಗೇರು ಬಿಡಲ್ಲ, ಡ್ರಮ್ ಬ್ರೇಕ್ ಬಿಸಿಯಾದ್ರೆ ಹಿಡಿಯಲ್ಲ.

ಅಮ್ಮ ಮೊದಲ ಸಲ ಕೂತಾಗ ಕಾಲ್ಚಾಚಿ, ಸೆರಗು ಸಿಗಿಸ್ಕೊಂಡು, "ಲೋ, ಇದ್ರಲ್ಲಿ ಮೇಲುಕೋಟೆಗೆ ಹೋಗ್ಬಹುದಲ್ಲೋ" ಅಂದ್ರು. ಹೋಗಿ ಬಂದ್ವಿ. ಐವತ್ತರ ಮೇಲೆ ಓಡಿಸಲ್ಲ, ಅದಕ್ಕಿಂತ ಜಾಸ್ತಿ ಎಂಜಿನ್ನೂ ಕೇಳಲ್ಲ. ಸೀರೆ ಉಡೋರು ಕೂತ್ರೆ ಚಕ್ರದ ಕಡೆ ಪೂರ್ತಿ ಮಡ್‌ಗಾರ್ಡ್ ಮುಚ್ಚಿರಲೇಬೇಕು, ನಾನು ಒಳಭಾಗಕ್ಕೂ ತಗಡು ಹಾಕ್ಸಿದೀನಿ. ಅವರಿಗೂ ಹೆಲ್ಮೆಟ್ ಇದೆ.

ಕಾಗದಪತ್ರದ ಬಗ್ಗೆ ಎಲ್ರೂ ಹೆದರಿಸ್ತಾರೆ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಮೋಟಾರ್ ಸೈಕಲ್ ಅಂದ್ರೆ ಏನು ಅಂತ ಹೇಳೋ ಕಡೆಯಲ್ಲೇ, ಇನ್ನೊಂದು ಚಕ್ರ ಇರೋ, ಬಿಚ್ಚಿಡಬಹುದಾದ ಸೈಡ್‌ಕಾರ್ ಕೂಡ ಅದರಲ್ಲಿ ಸೇರುತ್ತೆ ಅಂತ ಬರೆದಿದೆ. ಆದ್ರೂ ಗಾಡಿ ಬದಲಾವಣೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಒದಲ್ಲಿ ಅರ್ಜಿ ಕೊಟ್ಟು ಆರ್‌ಸಿಯಲ್ಲಿ ನಮೂದು ಮಾಡಿಸ್ಕೊಂಡೆ, ಇನ್ಶೂರೆನ್ಸ್‌ನವರಿಗೂ ಬರೆದು ತಿಳಿಸಿದೆ. 2021ರಲ್ಲಿ ಬಂದ ವಿಂಟೇಜ್ ರಿಜಿಸ್ಟ್ರೇಷನ್ ಬಗ್ಗೆನೂ ಕೇಳ್ತಾರೆ. ಐವತ್ತು ವರ್ಷ ದಾಟಿದ ಗಾಡಿಗೆ ಇಪ್ಪತ್ತು ಸಾವಿರ ಕಟ್ಟಿದ್ರೆ ಹತ್ತು ವರ್ಷಕ್ಕೆ ಕೊಡ್ತಾರೆ, ಆದ್ರೆ ಆಮೇಲೆ ಅದನ್ನ ದಿನಬಳಕೆಗೆ ಓಡ್ಸೋ ಹಾಗಿಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲು ಅಂಥದ್ದಕ್ಕೆ ಮಾತ್ರ. ನಂಗೆ ಬೇಕಿರೋದು ಓಡೋ ಗಾಡಿ, ಅದಕ್ಕೇ ಐದು ವರ್ಷಕ್ಕೊಮ್ಮೆ ಎಫ್‌ಸಿ ಮಾಡ್ಸೋ ಮಾಮೂಲಿ ರಿಜಿಸ್ಟ್ರೇಷನ್ನಲ್ಲೇ ಇಟ್ಕೊಂಡಿದೀನಿ.

ಈಗ ಕೈಲಿರೋ ಕೆಲಸ ಸೈಡ್‌ಕಾರ್ ಚಕ್ರಕ್ಕೆ ಬ್ರೇಕ್ ಹಾಕೋದು. ಡ್ರಮ್ ಇರೋ ಹಬ್ ಒಂದು ಸಿಕ್ಕಿದೆ. ಹಿಂದಿನ ಬ್ರೇಕ್ ಪೆಡಲ್ಲಿಗೇ ಎರಡನೇ ಕೇಬಲ್ ಕೊಟ್ಟು, ಹಿಂದಿನ ಚಕ್ರ ಹಿಡಿದ ಒಂದು ಕ್ಷಣ ಆದ್ಮೇಲೆ ಇದು ಹಿಡಿಯೋ ಹಾಗೆ ಸೆಟ್ ಮಾಡ್ಬೇಕು, ಮೊದಲೇ ಹಿಡಿದ್ರೆ ಗಾಡಿ ಎಡಕ್ಕೆ ಸೆಳೆದುಬಿಡುತ್ತೆ. ಕೇಬಲ್ ಹೋಗೋ ದಾರಿ ಪ್ರೈಮರಿ ಕವರ್‌ಗೆ ತಾಗ್ತಿದೆ, ಭಾಯ್ ಹತ್ರ ಇನ್ನೊಂದು ಸಣ್ಣ ಬ್ರಾಕೆಟ್ ಮಾಡಿಸ್ಬೇಕು.