ಕಾರಿನ ಹಿಂದೆ ಕ್ಯಾರವಾನ್ ಕಟ್ಟಿಕೊಂಡು ಹೊರಡುವ ಮುನ್ನ

ಬ್ರಿಟನ್ನಿನಲ್ಲಿ ಮಕ್ಕಳ ಬೇಸಿಗೆ ರಜೆ ಶುರುವಾದರೆ ಸಾಕು, ಕ್ಯಾರವಾನ್, ಅಂದರೆ ಮಲಗಲು, ಅಡುಗೆ ಮಾಡಲು ಜಾಗ ಇರುವ ಗಾಲಿ ಮನೆ, ಎಳೆದುಕೊಂಡು ಹೊರಟ ಕಾರುಗಳು ಮೋಟಾರ್‌ವೇ ಅನ್ನೋ ದೊಡ್ಡ ಹೆದ್ದಾರಿಗಳ ತುಂಬ ಕಾಣುತ್ತವೆ. ಅಲ್ಲಿ ನೆಲೆಸಿರುವ ಕನ್ನಡಿಗರಿಗೂ ಇದು ಹೊಂದುವ ಪ್ರವಾಸವೇ, ಹೋದಲ್ಲಿ ನಮ್ಮ ಅನ್ನ ಸಾರು ನಾವೇ ಮಾಡಿಕೊಳ್ಳಬಹುದಲ್ವಾ. 2021ರ ಡಿಸೆಂಬರ್ 16ರಿಂದ ನಿಯಮವೂ ಸಡಿಲವಾಗಿದೆ. ಅಲ್ಲಿನ ಮಾಮೂಲಿ ಕಾರ್ ಲೈಸೆನ್ಸ್ ಇದ್ದವರು ಬೇರೆ ಪರೀಕ್ಷೆ ಇಲ್ಲದೆ 3,500 ಕೆಜಿವರೆಗಿನ ಟ್ರೇಲರ್ ಎಳೆಯಬಹುದು. ಕಾನೂನು ಬಿಟ್ಟಿದೆ ಅಂತ ಸೀದಾ ಹೊರಟುಬಿಡಬೇಡಿ. ಒಂದು ದಿನದ ತರಬೇತಿ ಸಿಗುತ್ತದೆ, ಹೋಗಿ ಬನ್ನಿ.

ಮೊದಲ ಕೆಲಸ ತೂಕದ ಲೆಕ್ಕ. ಚಾಲಕನ ಬಾಗಿಲಿನ ಚೌಕಟ್ಟಿನಲ್ಲೋ ಬಾನೆಟ್ ಕೆಳಗೋ ಒಂದು ಪುಟ್ಟ ಫಲಕ ಇರುತ್ತದೆ, ಅದರಲ್ಲಿ ಸಾಮಾನ್ಯವಾಗಿ ತೂಕದ ನಾಲ್ಕು ಅಂಕಿ. ಮೊದಲನೆಯದು ತುಂಬಿದ ಕಾರಿನ ಗರಿಷ್ಠ ತೂಕ, ಎರಡನೆಯದು ಕಾರು ಮತ್ತು ಕ್ಯಾರವಾನ್ ಎರಡೂ ಸೇರಿ ಎಷ್ಟಿರಬಹುದು ಅನ್ನೋದು. ಎರಡನೆಯ ಅಂಕಿಯೇ ಇಲ್ಲ ಅಂದರೆ ಆ ಕಾರು ಎಳೆಯಲಿಕ್ಕಲ್ಲ ಅಂತಲೇ ತಿಳಿದು, ಕಾರಿನ ಕೈಪಿಡಿ ತೆಗೆದು ನೋಡಿ. ಎಲೆಕ್ಟ್ರಿಕ್ ಕಾರು ಇರುವವರಂತೂ ನೋಡಲೇಬೇಕು, ಎಷ್ಟೋ ಮಾದರಿಗಳಿಗೆ ಎಳೆಯುವ ಅನುಮತಿಯೇ ಇರುವುದಿಲ್ಲ. ಹೊಸಬರಿಗೆ ಅಲ್ಲಿ ಹೇಳಿಕೊಡುವ ಸೂತ್ರ ಶೇ 85ರದ್ದು. ಖಾಲಿ ಕಾರು 1,600 ಕೆಜಿ ಇದ್ದರೆ ತುಂಬಿದ ಕ್ಯಾರವಾನ್ 1,360 ಕೆಜಿ ದಾಟಬಾರದು. ಇದು ಕಾನೂನಲ್ಲ, ಆದರೆ ಒಳ್ಳೆಯ ಬುದ್ಧಿ.

ಈಗ ಸಾಮಾನು ತುಂಬೋದು. ಅಪಘಾತದ ಅರ್ಧ ಬೀಜ ಇಲ್ಲೇ ಬೀಳುತ್ತದೆ ಅಂತ ನನ್ನ ಅಭಿಪ್ರಾಯ. ಕ್ಯಾರವಾನಿನಲ್ಲಿ ಜಾಗ ಧಾರಾಳ ಕಾಣುತ್ತದೆ, ಆದರೆ ಹೊರಲು ಬಿಡುವ ಸಾಮಾನಿನ ತೂಕ ಎಷ್ಟೋ ಮಾದರಿಗಳಲ್ಲಿ 150 ಕೆಜಿ ಆಸುಪಾಸು ಅಷ್ಟೇ. ಗ್ಯಾಸ್ ಸಿಲಿಂಡರ್, ಬ್ಯಾಟರಿ, ಮುಂದೆ ಕಟ್ಟುವ ಡೇರೆ, ಮಡಚುವ ಕುರ್ಚಿಗಳು, ಹಾಸಿಗೆ ಬಟ್ಟೆ ಇಷ್ಟಕ್ಕೇ ಮುಕ್ಕಾಲು ಪಾಲು ಮುಗಿದುಹೋಗುತ್ತದೆ. ಅದರ ಮೇಲೆ ಅಕ್ಕಿ ಮೂಟೆ, ಕುಕ್ಕರ್, ಮಿಕ್ಸಿ! 40 ಲೀಟರ್ ನೀರು ತುಂಬಿಕೊಂಡು ಹೊರಟರೆ ಸುಮ್ನೆ 40 ಕೆಜಿ ಹೊತ್ತಂತೆ, ಹೋದಲ್ಲಿ ನಲ್ಲಿ ಇರುತ್ತದೆ. ಭಾರದ ಸಾಮಾನೆಲ್ಲ ನೆಲದ ಮಟ್ಟದಲ್ಲಿ, ಚಕ್ರದ ಅಚ್ಚಿನ ನೇರಕ್ಕೆ ಬರಲಿ. ತಲೆ ಮೇಲಿನ ಕಪಾಟಿಗೆ ಟವೆಲ್ಲು, ಕುರುಕಲು ತಿಂಡಿ ಸಾಕು. ಹಿಂಭಾಗಕ್ಕೆ ಭಾರ ತುಂಬಲೇಬೇಡಿ. ಕ್ಯಾರವಾನಿನ ಮೂಗು ಕಾರಿನ ಕೊಕ್ಕೆಯ ಮೇಲೆ ಒತ್ತುವ ತೂಕ, ಅದರ ಒಟ್ಟು ತೂಕದ ಶೇ 5ರಿಂದ 7ರಷ್ಟು ಇರಬೇಕು. ಕ್ಯಾರವಾನ್ 1,300 ಕೆಜಿ ಆದರೆ 65ರಿಂದ 91 ಕೆಜಿ. ಕಾರಿನ ಕೊಕ್ಕೆ ತಾಳುವ ಮಿತಿ 75 ಇದ್ದರೆ ಅಲ್ಲಿಗೇ ನಿಲ್ಲಿಸಬೇಕು. ಇದನ್ನು ಅಳೆಯುವ ಸಣ್ಣ ತಕ್ಕಡಿ ಅಂಗಡಿಯಲ್ಲಿ ಸಿಗುತ್ತದೆ.

ಕೊಕ್ಕೆ ಹಾಕುವುದು ಸಮತಟ್ಟಾದ ಜಾಗದಲ್ಲಿ, ಕ್ಯಾರವಾನಿನ ಹ್ಯಾಂಡ್‌ಬ್ರೇಕ್ ಎಳೆದು. ಮುಂದಿನ ಪುಟ್ಟ ಚಕ್ರವನ್ನು ತಿರುಗಿಸುತ್ತಾ ಮೂಗು ಇಳಿಸಿದರೆ ಕಾರಿನ ಕೊಕ್ಕೆಯ ತುದಿಯ ಉಕ್ಕಿನ ಗುಂಡಿನ ಮೇಲೆ ಕೂತು 'ಕ್ಲಿಕ್' ಅನ್ನುತ್ತದೆ. ಸದ್ದು ನಂಬಬೇಡಿ. ಅದೇ ಚಕ್ರವನ್ನು ಉಲ್ಟಾ ತಿರುಗಿಸಿ ಮೂಗು ಸ್ವಲ್ಪ ಎತ್ತಿ ನೋಡಿ, ಜೊತೆಗೆ ಕಾರಿನ ಹಿಂಭಾಗವೂ ಎದ್ದರೆ ಗಟ್ಟಿ ಕೂತಿದೆ ಅಂತ. ಆಮೇಲೆ ಆ ಚಕ್ರವನ್ನು ಪೂರ್ತಿ ಮೇಲೆತ್ತಿ ಬಿಗಿ ಮಾಡಿ. ತೆಳುವಾದ ಉಕ್ಕಿನ ಹಗ್ಗ ಒಂದು ನೇತಾಡುತ್ತಿರುತ್ತದೆ, ಅದನ್ನು ಕಾರಿಗೆ ಸಿಕ್ಕಿಸಲು ಮರೆಯಬೇಡಿ. ದಾರಿಯಲ್ಲಿ ಕೊಕ್ಕೆ ಕಳಚಿದರೆ ಅದು ಕ್ಯಾರವಾನಿನ ಬ್ರೇಕನ್ನು ಎಳೆದು, ಆಮೇಲೆ ತಾನು ತುಂಡಾಗುತ್ತದೆ. ಮುಂದೆ ಕರೆಂಟ್ ಪ್ಲಗ್. ಒಬ್ಬರು ಹಿಂದೆ ನಿಂತು ಬ್ರೇಕ್ ಲೈಟ್, ಇಂಡಿಕೇಟರ್ ನೋಡಲಿ. ಗ್ಯಾಸ್ ಬಂದ್, ಕಿಟಕಿ ಬಂದ್, ನಾಲ್ಕು ಮೂಲೆಯ ಕಾಲುಗಳು ಮೇಲೆ, ಹ್ಯಾಂಡ್‌ಬ್ರೇಕ್ ಕೆಳಗೆ. ಕಾರಿನ ನಂಬರನ್ನೇ ಕ್ಯಾರವಾನಿನ ಹಿಂದೆಯೂ ಹಾಕಬೇಕು, ಕ್ಯಾರವಾನ್ ಕಾರಿಗಿಂತ ಅಗಲ ಇದ್ದರೆ ಕನ್ನಡಿಗೆ ಉದ್ದ ಕೈ ಜೋಡಿಸಬೇಕು. ಟೈರ್ ಸವೆದಿಲ್ಲ ಅಂತ ಸಮಾಧಾನ ಪಡಬೇಡಿ, ವರ್ಷವಿಡೀ ನಿಂತಲ್ಲೇ ನಿಂತು ಒಳಗೊಳಗೇ ಹಾಳಾಗಿರುತ್ತದೆ. ಏಳು ವರ್ಷ ದಾಟಿದ್ದರೆ ಬದಲಿಸಿಬಿಡಿ.

ಮಕ್ಕಳು ಹಿಂದೆ ಮಲಗಿಕೊಂಡು ಬರಲಿ ಅನ್ನೋ ಮಾತೇ ಇಲ್ಲ. ಚಲಿಸುವ ಕ್ಯಾರವಾನಿನಲ್ಲಿ ಯಾರೂ ಕೂರುವಂತಿಲ್ಲ.

ರಸ್ತೆಯಲ್ಲಿ ವೇಗದ ಮಿತಿ ಬೇರೆ. ಮೋಟಾರ್‌ವೇ ಮತ್ತು ಡ್ಯುಯಲ್ ಕ್ಯಾರೇಜ್‌ವೇಯಲ್ಲಿ (ನಡುವೆ ವಿಭಜಕ ಇರುವ ರಸ್ತೆ) ಗಂಟೆಗೆ 60 ಮೈಲಿ, ವಿಭಜಕ ಇಲ್ಲದ ಸಿಂಗಲ್ ರಸ್ತೆಯಲ್ಲಿ 50. ಮೂರು ಅಥವಾ ಜಾಸ್ತಿ ಲೇನ್ ಇರುವ ಮೋಟಾರ್‌ವೇಯಲ್ಲಿ ಬಲತುದಿಯ ಲೇನಿಗೆ ಹೋಗುವಂತಿಲ್ಲ. ದೊಡ್ಡ ಲಾರಿ ಪಕ್ಕದಲ್ಲಿ ದಾಟುವಾಗ ಗಾಳಿ ಮೊದಲು ತಳ್ಳಿ ಆಮೇಲೆ ಎಳೆಯುತ್ತದೆ. ಇಳಿಜಾರಿನಲ್ಲಿ ವೇಗ ಜಾಸ್ತಿಯಾದಾಗಲೋ ಇಂಥ ಗಾಳಿಗೋ ಕ್ಯಾರವಾನ್ ಅತ್ತಿತ್ತ ತೂರಾಡಲು ಶುರು ಮಾಡಬಹುದು. ಆಗ ಕಾಲು ತಾನಾಗಿ ಬ್ರೇಕಿನ ಕಡೆ ಓಡುತ್ತದೆ. ಜೋರಾಗಿ ಒತ್ತಬೇಡಿ. ಸ್ಟೀರಿಂಗ್ ಆಚೀಚೆ ತಿರುಗಿಸಿ ಸರಿಮಾಡಲು ಹೋದರೆ ತೂರಾಟ ಇನ್ನೂ ಹೆಚ್ಚುತ್ತದೆ, ವೇಗ ಹೆಚ್ಚಿಸಿ ಎಳೆದುಬಿಡೋಣ ಅನ್ನೋದಂತೂ ಹುಚ್ಚು. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಸ್ಟೀರಿಂಗ್ ನೇರ ಹಿಡಿದು, ವೇಗ ತಾನಾಗಿ ಇಳಿಯಲು ಬಿಡಿ. ಅದು ಕೆಲವೇ ಸೆಕೆಂಡ್, ಬಹಳ ಉದ್ದ ಅನ್ನಿಸುತ್ತದೆ. ಸುರಕ್ಷಿತ ಜಾಗ ಸಿಕ್ಕ ತಕ್ಷಣ ನಿಲ್ಲಿಸಿ ಸಾಮಾನು, ಟೈರ್ ನೋಡಿ. ಕಾರಣ ಇದ್ದೇ ಇರುತ್ತದೆ.

ದಾರಿಯನ್ನು ಫೋನಿನ ಮ್ಯಾಪಿಗೆ ಬಿಡಬೇಡಿ, ಅದಕ್ಕೆ ನಿಮ್ಮ ಬೆನ್ನಿಗಿರುವ ಕ್ಯಾರವಾನ್ ಕಾಣುವುದಿಲ್ಲ. ಯಾರ್ಕ್‌ಶೈರಿನ ಸಟನ್ ಬ್ಯಾಂಕ್ ಏರಿಗೆ ಕ್ಯಾರವಾನ್ ನಿಷಿದ್ಧ. ಲೇಕ್ ಡಿಸ್ಟ್ರಿಕ್ಟಿನ ಹಾರ್ಡ್‌ನಾಟ್ ಪಾಸ್, ಸ್ಕಾಟ್ಲೆಂಡಿನ ಆ್ಯಪಲ್‌ಕ್ರಾಸ್ ಘಾಟಿ, ಇವುಗಳ ಹತ್ತಿರವೂ ಹೋಗಬೇಡಿ. ಹಿಂದೆ ವಾಹನಗಳ ಸಾಲು ಬೆಳೆದರೆ ಬದಿಗೆ ಸರಿದು ಬಿಟ್ಟುಕೊಡಿ.

ರಿವರ್ಸ್ ಎಲ್ಲರಿಗೂ ತಲೆನೋವು. ಮಂಡ್ಯದ ಕಡೆ ಕಬ್ಬಿನ ಟ್ರ್ಯಾಕ್ಟರ್ ಹಿಂದಕ್ಕೆ ತೆಗೆದವರಿಗೆ ಇದರಲ್ಲಿ ಹೊಸದೇನಿಲ್ಲ, ಹಿಂದಿನದು ಎಡಕ್ಕೆ ಹೋಗಬೇಕಾದರೆ ಸ್ಟೀರಿಂಗ್ ಬಲಕ್ಕೆ. ಉಳಿದವರು ಸ್ಟೀರಿಂಗಿನ ಕೆಳತುದಿ ಹಿಡಿದುಕೊಳ್ಳಿ, ಕೈ ಯಾವ ಕಡೆ ಸರಿಯುತ್ತದೋ ಕ್ಯಾರವಾನಿನ ಹಿಂಭಾಗ ಆ ಕಡೆ ಹೋಗುತ್ತದೆ. ಸೊಟ್ಟಗಾದರೆ ಮುಂದಕ್ಕೆ ಬಂದು ನೇರ ಮಾಡಿಕೊಂಡು ಮತ್ತೆ ಶುರು ಮಾಡಿ, ಯಾರೂ ನಗುವುದಿಲ್ಲ. ಜಾಗದಲ್ಲಿ ನಿಂತ ಮೇಲೆ ಮೊದಲು ಎಡ ಬಲ ಮಟ್ಟ ಮಾಡಿ ಹ್ಯಾಂಡ್‌ಬ್ರೇಕ್ ಹಾಕಿ, ಕೊಕ್ಕೆ ಬಿಡಿಸಿ, ಪುಟ್ಟ ಚಕ್ರದಿಂದ ಮುಂದು ಹಿಂದು ಸರಿ ಮಾಡಿ, ಕೊನೆಗೆ ಮೂಲೆಯ ಕಾಲು ಇಳಿಸಿ. ಆ ಕಾಲುಗಳು ಅಲುಗಾಟ ತಡೆಯಲು ಮಾತ್ರ. ಅವುಗಳನ್ನೇ ಜಾಕ್ ಮಾಡಿಕೊಂಡು ಕ್ಯಾರವಾನ್ ಎತ್ತಲು ಹೋದರೆ ಕಾಲೋ ಚಾಸಿಯೋ ಬಾಗುತ್ತದೆ, ರಿಪೇರಿ ಖರ್ಚು ಕಮ್ಮಿ ಆಗೋದಿಲ್ಲ.