ಮಳೆ ಬಿಟ್ಟ ಮೇಲೆ ಅಘನಾಶಿನಿಯ ಬೆನ್ನು ಹಿಡಿದು

ಶಿರಸಿಯ ಕಡೆ ಅಡಿಕೆ ತೋಟ ನಂಬಿಕೊಂಡವರಿಗೆ ಪುರುಸೊತ್ತು ಎಂಬುದು ಸಿಗುವುದು ನವರಾತ್ರಿಗೂ ದೀಪಾವಳಿಗೂ ನಡುವೆ. ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆದು ಮುಗಿದಿರುತ್ತದೆ, ಗೊನೆ ಕೊಯ್ಯುವ ಕೊನೆಗೌಡ ಇನ್ನೂ ಮರ ಏರಿರುವುದಿಲ್ಲ. ದೀಪಾವಳಿಯ ದೊಡ್ಡಹಬ್ಬ ಕಳೆದು ಕೊಯ್ಲು ಶುರುವಾಯಿತೆಂದರೆ ಅಡಿಕೆ ಸುಲಿದು, ಬೇಯಿಸಿ, ಒಣಗಿಸುವ ಹೊತ್ತಿಗೆ ಮಾಘ ಬಂದಿರುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ತಿರುಗಾಟಕ್ಕೆ ಮೇ ತಿಂಗಳನ್ನು ಕಾಯುವುದಿಲ್ಲ. ಆಶ್ವಯುಜದಲ್ಲಿ ಹೊಳೆಗಳು ತುಂಬಿರುತ್ತವೆ, ನೀರಿನ ಕೆಂಪು ಇಳಿದಿರುತ್ತದೆ, ಗದ್ದೆಯಲ್ಲಿ ಭತ್ತ ತೆನೆ ಬಿಟ್ಟಿರುತ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯನ್ನು ನೋಡಬೇಕೆಂದರೆ ಈಗ ನೋಡಬೇಕು ಎಂದು ಯಾರು ಕೇಳಿದರೂ ಹೇಳುತ್ತೇನೆ.

ಬೆಳಿಗ್ಗೆ ಸಹಸ್ರಲಿಂಗ, ಮಧ್ಯಾಹ್ನ ಯಾಣ, ಸಂಜೆ ಗೋಕರ್ಣ ಎಂದು ಒಂದೇ ದಿನದಲ್ಲಿ ಓಡುವ ವಾಹನಗಳನ್ನು ಪ್ರತಿ ವರ್ಷವೂ ಕಾಣುತ್ತೇನೆ. ಒಳಗಿರುವ ಮಕ್ಕಳು ನಿದ್ದೆಯಲ್ಲಿರುತ್ತಾರೆ, ಹಿರಿಯರು ಕಾಲು ನೀವಿಕೊಳ್ಳುತ್ತಿರುತ್ತಾರೆ. ನಾವು ಹಾಗೆ ಮಾಡುವುದಿಲ್ಲ. ಒಂದು ಸಲಕ್ಕೆ ಒಂದು ಹೊಳೆ. ಅದು ಹುಟ್ಟುವ ಕಡೆಯಿಂದ ಕಡಲು ಸೇರುವ ಕಡೆಯವರೆಗೆ ಎರಡು ದಿನದಲ್ಲಿ ನಿಧಾನವಾಗಿ ಇಳಿಯುವುದು, ಅಷ್ಟೇ ನಮ್ಮ ಕ್ರಮ. ಕಾಳಿ, ಬೇಡ್ತಿ, ಅಘನಾಶಿನಿ, ಶರಾವತಿ ನಾಲ್ಕೂ ನಮ್ಮ ಜಿಲ್ಲೆಯಲ್ಲಿಯೇ ಸಮುದ್ರ ಕಾಣುವುದರಿಂದ ಇದು ಸಾಧ್ಯ. ಮೊದಲ ಬಾರಿ ಹೊರಡುವವರಿಗೆ ನಾನು ಹೇಳುವುದು ಅಘನಾಶಿನಿಯನ್ನು. ಅದಕ್ಕೆ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ. ಅದರ ಒಂದು ಮೂಲ ಶಿರಸಿ ಪೇಟೆಯ ಶಂಕರಹೊಂಡ. ಸಂತೆಗೆ ಹೋದಾಗಲೆಲ್ಲ ಹಾದುಹೋಗುವ ಆ ಹೊಂಡದ ನೀರೇ ಮುಂದೆ ಇಷ್ಟಾಗುತ್ತದೆ ಎಂಬುದನ್ನು ಮಕ್ಕಳಿಗೆ ಬಾಯಲ್ಲಿ ಹೇಳುವ ಬದಲು ಕಣ್ಣಿಗೆ ಕಾಣಿಸಬಹುದು.

ದಿನ ಗೊತ್ತು ಮಾಡುವಾಗ ಪಂಚಾಂಗ, ಹವಾಮಾನ ಮುನ್ಸೂಚನೆ ಎರಡನ್ನೂ ನೋಡುತ್ತೇನೆ. ಚಿತ್ತೆ, ಸ್ವಾತಿ ಮಳೆಗಳು ಇನ್ನೂ ಬಾಕಿ ಇರುವ ಕಾಲ ಇದು. ಬೆಳಿಗ್ಗೆ ಬಿಸಿಲು ಎಷ್ಟು ಚೆನ್ನಾಗಿದ್ದರೂ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಕಟ್ಟಿಟ್ಟ ಬುತ್ತಿ. ಆದ್ದರಿಂದ ಬೆಳಕು ಹರಿಯುವಾಗಲೇ ಹೊರಟು, ಜಲಪಾತದಂಥ ಬಯಲಿನ ಜಾಗಗಳನ್ನು ಮಧ್ಯಾಹ್ನದೊಳಗೆ ಮುಗಿಸಿ, ಮೂರು ಗಂಟೆಗೆಲ್ಲ ಸೂರಿನಡಿ ಸೇರಿಬಿಡುತ್ತೇವೆ. ಘಟ್ಟದ ರಸ್ತೆ ತೆರೆದಿದೆಯೇ ಎಂದು ಹಿಂದಿನ ದಿನ ವಿಚಾರಿಸುವುದೂ ಕಡ್ಡಾಯ. 2024ರ ಜುಲೈಯಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಗಳು ಹೋದವು. ನೀರು ಕುಡಿದ ಗುಡ್ಡವನ್ನು ಹಗುರವಾಗಿ ಕಾಣಬಾರದು.

ಬುತ್ತಿ ಮನೆಯದೇ ಆಗಬೇಕೆಂಬುದು ನನ್ನ ಹಟ. ಹೊಳೆಯ ದಾರಿಯಲ್ಲಿ ಹೋಟೆಲು ಕಡಿಮೆ ಎಂಬುದೂ ಒಂದು ಕಾರಣ. ಈ ದಿನಗಳಲ್ಲಿ ಮೊಗೆಕಾಯಿ, ಅಂದರೆ ಸಾಂಬಾರಿನ ಬಣ್ಣದ ಸೌತೆ, ಬೇಕಾದಷ್ಟು ಸಿಗುತ್ತದೆ. ಅದನ್ನು ತುರಿದು, ನೀರು ಹಿಂಡದೆ, ಅಕ್ಕಿ ರವೆ, ಬೆಲ್ಲ, ಕಾಯಿತುರಿ, ಚಿಟಿಕೆ ಉಪ್ಪು ಸೇರಿಸಿ ಕಲಸಿಡುತ್ತೇನೆ. ಮೊಗೆಕಾಯಿಯ ನೀರಿನಲ್ಲಿಯೇ ರವೆ ನೆನೆಯಬೇಕು, ಮೇಲೆ ನೀರು ಹಾಕಿದರೆ ಕಡುಬು ಅಂಟಾಗುತ್ತದೆ. ಬಾಡಿಸಿದ ಬಾಳೆ ಎಲೆಯಲ್ಲಿ ಮಡಚಿ ರಾತ್ರಿಯೇ ಹಬೆಯಲ್ಲಿ ಬೇಯಿಸಿದರೆ ಮರುದಿನ ಮಧ್ಯಾಹ್ನಕ್ಕೂ ಮೆತ್ತಗಿರುತ್ತದೆ. ಎಲೆ ಬಿಚ್ಚಿ, ಮೇಲೊಂದು ಚಮಚ ತುಪ್ಪ ಬಿಟ್ಟು ಕೊಟ್ಟರೆ ಕೈಗೆ ಕೈ ತಾಗುವಷ್ಟು ಒತ್ತಿ ಕುಳಿತ ಇಡೀ ಗುಂಪು ಸುಮ್ಮನಾಗುತ್ತದೆ. ತಟ್ಟೆಯೂ ಬೇಡ, ಕಸವೂ ಇಲ್ಲ.

ಮೊದಲ ದಿನ ಉಂಚಳ್ಳಿ. ಸಿದ್ದಾಪುರ ತಾಲ್ಲೂಕಿನ ಹೆಗ್ಗರಣೆಯ ಹತ್ತಿರ ಅಘನಾಶಿನಿ 116 ಮೀಟರ್ ಕೆಳಕ್ಕೆ ಧುಮುಕುವ ಜಾಗ. ಬ್ರಿಟಿಷರ ಕಾಲದ ಜಿಲ್ಲಾಧಿಕಾರಿಯೊಬ್ಬನಿಂದಾಗಿ ಅದಕ್ಕೆ ಲಷಿಂಗ್ಟನ್ ಎಂಬ ಹೆಸರೂ ಬಿತ್ತು. ಆಷಾಢ ಶ್ರಾವಣದಲ್ಲಿ ಹೋದರೆ ಬರೀ ಮಂಜು, ಬರೀ ಸದ್ದು. ಏಪ್ರಿಲ್‌ನಲ್ಲಿ ಬಂಡೆ. ನವರಾತ್ರಿಯ ಹಿಂದುಮುಂದಿನ ದಿನಗಳಲ್ಲಿ ಮಂಜು ಹರಿದು, ಬಂಡೆಯ ಅಂಚಿನಿಂದ ಕಣಿವೆಯ ತಳದವರೆಗೂ ನೀರು ಪೂರ್ತಿ ಕಾಣುತ್ತದೆ. ಅಲ್ಲಿ ಮಾತು ಕೇಳಿಸುವುದಿಲ್ಲ, ಆದ್ದರಿಂದ ಯಾರ ಕೈ ಯಾರು ಹಿಡಿಯಬೇಕು, ಎಲ್ಲಿ ನಿಲ್ಲಬೇಕು ಎಂಬುದೆಲ್ಲ ಮೆಟ್ಟಿಲು ಇಳಿಯುವ ಮೊದಲೇ ತೀರ್ಮಾನವಾಗಿರಬೇಕು. ನಮ್ಮ ಅತ್ತೆ ಮೇಲಿನ ವೀಕ್ಷಣಾ ಸ್ಥಳದಲ್ಲಿಯೇ ಕುಳಿತುಬಿಡುತ್ತಾರೆ. ಅವರ ಜೊತೆಗೆ ಯಾರಾದರೊಬ್ಬರು ಸರದಿಯ ಮೇಲೆ ಇರುತ್ತೇವೆ. ಹಿರಿಯರನ್ನು ಕಾರಿನಲ್ಲಿ ಬಿಟ್ಟು ಉಳಿದವರು ಇಳಿದುಹೋಗುವುದು ನನಗೆ ಸರಿ ಕಾಣುವುದಿಲ್ಲ.

ಉಂಬಳದ, ಅಂದರೆ ಕಾಡಿನ ಜಿಗಣೆಯ, ಮಾತು ಇಲ್ಲಿಯೇ ಹೇಳಬೇಕು. ಒದ್ದೆ ತರಗೆಲೆಯ ದಾರಿಯಲ್ಲಿ ಅವು ಇದ್ದೇ ಇರುತ್ತವೆ, ಪೇಟೆಯಿಂದ ಬಂದ ಗೆಳೆಯರು ಕಂಗಾಲಾಗುವುದೂ ಅವಕ್ಕೇ. ಹಳೆಯ ಪಂಚೆಯ ತುಂಡಿನಲ್ಲಿ ಉಪ್ಪು ಗಂಟು ಕಟ್ಟಿ, ಒದ್ದೆ ಮಾಡಿ, ಒಂದು ಕೋಲಿನ ತುದಿಗೆ ಬಿಗಿಯುತ್ತೇವೆ. ಅದನ್ನು ಮುಟ್ಟಿಸಿದರೆ ಉಂಬಳ ತಾನಾಗಿ ಮುದುಡಿ ಉದುರುತ್ತದೆ. ಕಿತ್ತು ಎಳೆಯುವುದು ಬೇಡ. ಕಚ್ಚಿದಲ್ಲಿ ರಕ್ತ ಸ್ವಲ್ಪ ಹೊತ್ತು ನಿಲ್ಲುವುದಿಲ್ಲ, ಏಕೆಂದರೆ ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶವಿದೆ. ತೊಳೆದು, ಬಟ್ಟೆಯಿಂದ ಒತ್ತಿ ಹಿಡಿದರೆ ಸಾಕು. ಹೊರಡುವ ಮೊದಲೇ ಇದನ್ನು ಮಕ್ಕಳಿಗೆ ಹೇಳಿಟ್ಟರೆ ಅವರು ಹೆದರುವುದಿಲ್ಲ. ದೊಡ್ಡವರಿಗೆ ತಾವೇ ಧೈರ್ಯ ಹೇಳುತ್ತಾರೆ.

ಎರಡನೆಯ ದಿನ ದೇವಿಮನೆ ಘಟ್ಟ ಇಳಿದು ಕುಮಟಾ. ಅಲ್ಲಿಂದ ನನ್ನ ಕಾಲೇಜಿನ ಗೆಳತಿಯ ಕುಟುಂಬ ನಮ್ಮ ಜೊತೆ ಸೇರುತ್ತದೆ. ಮಿರ್ಜಾನ ಕೋಟೆಯನ್ನು ನಾನು ಬಿಡುವುದೇ ಇಲ್ಲ. ಎಲ್ಲ ವಯಸ್ಸಿನವರೂ ಒಟ್ಟಿಗೆ ಓಡಾಡಬಹುದಾದ ಜಾಗ ಈ ದಾರಿಯಲ್ಲಿ ಅದಕ್ಕಿಂತ ಒಳ್ಳೆಯದಿಲ್ಲ. ಚಿರೆಕಲ್ಲಿನ ಗೋಡೆಗಳ ಮೇಲೆ ಹುಲ್ಲು, ಪಾಚಿ ಹಬ್ಬಿ ಇಡೀ ಕೋಟೆ ಹಸಿರು ಕಂಬಳಿ ಹೊದ್ದಂತಿರುತ್ತದೆ. ಬೇಸಗೆಯಲ್ಲಿ ಇದೇ ಗೋಡೆ ಬರೀ ಕೆಂಪು ಕಲ್ಲು. ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರು ಈ ಕೋಟೆಗೆ ಅಂಟಿಕೊಂಡಿದೆ. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಎಂದು ಕರೆದರು. ನಮ್ಮ ತೋಟದ ಅಡಿಕೆ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿಯಲ್ಲಿ ಆ ಹೊತ್ತಿಗೆ ಹಸಿರು ಗೊಂಚಲು ಜೋತಿರುತ್ತದೆ. ಹೊರಡುವಾಗ ಒಂದನ್ನು ಕಿತ್ತು ಮಗಳ ಕೈಯಲ್ಲಿಡುತ್ತೇನೆ. ಕೋಟೆಯ ಬುರುಜಿನ ಮೇಲೆ ನಿಂತು, ಘಟ್ಟದ ಮೇಲಿನ ಮೆಣಸು ಹೀಗೆ ಕೆಳಗಿಳಿದು ಬಂದು ಹಡಗು ಏರುತ್ತಿತ್ತು ಎಂದು ಹೇಳಿದರೆ ಅವಳಿಗೆ ಪಾಠ ಬೇರೆ ಬೇಕಾಗುವುದಿಲ್ಲ.

ಕೊನೆಗೆ ಅಳಿವೆ. ತದಡಿಯ ಎದುರು ಅಘನಾಶಿನಿ ಊರು, ನಡುವೆ ಹೊಳೆ ಕಡಲಿಗೆ ಬಾಯಿ ತೆರೆಯುತ್ತದೆ. ಈ ಅಳಿವೆ 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳಾದ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು. ಇಲ್ಲಿಗೆ ಬರುವಾಗ ಗಡಿಯಾರಕ್ಕಿಂತ ಭರತ ಇಳಿತ ಮುಖ್ಯ. ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಅದಕ್ಕೇ ಹಿಂದಿನ ಸಂಜೆ ಗೆಳತಿಗೆ ಫೋನು ಮಾಡಿ ಕೇಳಿಕೊಳ್ಳುತ್ತೇನೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನ ಇಳಿತದಲ್ಲಿ ಕೆಸರು ಬಯಲು ಹೆಚ್ಚು ತೆರೆದುಕೊಳ್ಳುತ್ತದೆ. ಸೊಂಟದವರೆಗಿನ ನೀರಿನಲ್ಲಿ ಹೆಂಗಸರು ಬಳಚು ಎಂಬ ಚಿಪ್ಪಿಜೀವಿಯನ್ನು ಹೆಕ್ಕುತ್ತಿರುತ್ತಾರೆ. ಅದು ಅವರ ದುಡಿಮೆ, ಕೇಳದೆ ಫೋಟೊ ತೆಗೆಯಬಾರದೆಂದು ನಮ್ಮ ಗುಂಪಿನಲ್ಲಿ ಮೊದಲೇ ಹೇಳಿರುತ್ತೇನೆ. ಅಳಿವೆಯ ಅಂಚಿನ ಗಜನಿ ಗದ್ದೆಗಳಲ್ಲಿ ಉಪ್ಪು ನೀರು ತಡೆದುಕೊಳ್ಳುವ ಕಗ್ಗ ಭತ್ತ ಎತ್ತರಕ್ಕೆ ನಿಂತಿರುತ್ತದೆ. ಮೂರು ಗಂಟೆಯ ಹೊತ್ತಿಗೆ ಗೆಳತಿಯ ಮನೆ, ಕಗ್ಗದ ಕೆಂಪಕ್ಕಿಯ ಬಿಸಿ ಗಂಜಿ, ನಾವು ಒಯ್ದ ಅಪ್ಪೆಮಿಡಿ ಉಪ್ಪಿನಕಾಯಿ. ಒಮ್ಮೆ ಉಂಡು ನೋಡಿದ ಮೇಲೆ ಮಾವ ಆ ಅಕ್ಕಿಯನ್ನು ಕೇಳಿ ತರಿಸಿಕೊಳ್ಳತೊಡಗಿದರು.

ಖರ್ಚೆಂದರೆ ಪೆಟ್ರೋಲು, ದೋಣಿ, ಪ್ರವೇಶ ಶುಲ್ಕ ಇಷ್ಟೇ. ಮನೆ ಲೆಕ್ಕದಲ್ಲಿ ಹಂಚಿಕೊಳ್ಳುತ್ತೇವೆ, ತಲೆ ಲೆಕ್ಕದಲ್ಲಲ್ಲ. ಮಕ್ಕಳು ಹೆಚ್ಚಿರುವವರಿಗೆ ಸಂಕೋಚವಾಗಬಾರದು. ಈ ಬಾರಿ ಬೇಡ್ತಿ ಎಂದು ನಿಶ್ಚಯವಾಗಿದೆ. ಯಲ್ಲಾಪುರದ ಮಾಗೋಡಿನಲ್ಲಿ ಅದರ ಧುಮುಕನ್ನು, ಜೇನುಕಲ್ಲು ಗುಡ್ಡದಿಂದ ಅದರ ಕಣಿವೆಯನ್ನು ನೋಡಿ, ಗಂಗಾವಳಿ ಎಂಬ ಹೆಸರಿನಲ್ಲಿ ಅದು ಕಡಲು ಸೇರುವವರೆಗೆ ಇಳಿಯಬೇಕು. ಮೊಗೆಕಾಯಿ ಅಟ್ಟದ ಮೇಲೆ ಸಾಲಾಗಿ ಕಟ್ಟಿದೆ, ಹಸ್ತ ಮಳೆ ಮುಗಿಯಲಿ ಎಂದು ಕಾಯುತ್ತಿದ್ದೇವೆ.