ಪಾವಗಡದಲ್ಲಿ ಹಲ್ಲು ಎಣಿಸಿದ್ದು: ಎರಡು ಸುತ್ತಿನ ನನ್ನ ಅನುಭವ

ಶಾಲಾಮಕ್ಕಳ ಹಲ್ಲಿನ ಸಮೀಕ್ಷೆಯಲ್ಲಿ ಫ್ಲೋರೋಸಿಸ್ ಕಲೆಯನ್ನೂ (ಫ್ಲೋರೈಡ್ ಹೆಚ್ಚಿರುವ ನೀರಿನಿಂದ ಹಲ್ಲಿಗೆ ಬರುವ ಕಲೆ) ಹುಳುಕನ್ನೂ ಒಂದೇ ಸಲಕ್ಕೆ ನೋಡಿ ಬರೆಯಬಾರದು ಎಂದಾಗ ಜೊತೆಯ ದಂತವೈದ್ಯರು ಒಪ್ಪಲಿಲ್ಲ. ಸಮಯವೂ ಖರ್ಚೂ ದುಪ್ಪಟ್ಟು ಎಂದರು. ಈಗ ಅವರಲ್ಲೇ ಇಬ್ಬರು ನನ್ನ ನಮೂನೆಯ ಹಾಳೆಯನ್ನು ಕೇಳಿ ಪಡೆದಿದ್ದಾರೆ.

ಪಾವಗಡದ ಕೊಳವೆಬಾವಿ ನೀರಿನ ಫ್ಲೋರೈಡ್ ಎಲ್ಲರಿಗೂ ಗೊತ್ತಿರುವುದೇ. ಅಲ್ಲಿನ ಶಾಲೆಗಳಲ್ಲಿ 12 ವರ್ಷದ ಸುಮಾರು 400 ಮಕ್ಕಳನ್ನು ನೋಡಿದೆವು. ಮೊದಲ ಸಲ ಸರಾಸರಿ ಡಿಎಂಎಫ್‌ಟಿ, ಅಂದರೆ ಒಂದು ಮಗುವಿಗೆ ಹುಳುಕಾದ, ಹುಳುಕಿನಿಂದ ಕಳೆದುಹೋದ, ತುಂಬಿಸಿದ ಹಲ್ಲುಗಳ ಒಟ್ಟು ಎಣಿಕೆ, ಎರಡೂವರೆಯ ಹತ್ತಿರ ಬಂತು. ರಾತ್ರಿ ಹಾಳೆಗಳನ್ನು ತಿರುವಿದಾಗ ಎದೆ ಝಲ್ಲೆಂದಿತು: ಮೇಲಿನ ಬಾಚಿಹಲ್ಲುಗಳ ಸಾಲಿನಲ್ಲೂ ‘ಡಿ’ (ಹುಳುಕು) ತುಂಬಿತ್ತು. ಆ ವಯಸ್ಸಿನಲ್ಲಿ ಹುಳುಕು ಹೆಚ್ಚಾಗಿ ಹಿಡಿಯುವುದು ಮೊದಲ ದವಡೆಹಲ್ಲಿಗೆ. ತೀವ್ರ ಫ್ಲೋರೋಸಿಸ್‌ನ ಗಟ್ಟಿಯಾದ, ಹೊಳೆಯುವ ಕಂದು ಗುಳಿಗಳನ್ನು ನಾವು ಹುಳುಕೆಂದು ಬರೆದಿದ್ದೆವು. ಅವನ್ನು ಹುಳುಕಿಲ್ಲದ ಹಲ್ಲೆಂದೇ ಬರೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿ ಹೇಳುತ್ತದೆ. ಓದಿದ್ದೆವು, ಮಗು ಬಾಯಿ ತೆರೆದಾಗ ಮರೆತೆವು. ಮೂರು ವಾರದ ದುಡಿಮೆ, ಜೀಪಿನ ಬಾಡಿಗೆಗೆ ನನ್ನ ಕೈಯಿಂದ ಹೋದ ಸುಮಾರು 30,000 ರೂಪಾಯಿ, ಎಲ್ಲವೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು.

ಎರಡನೇ ಸಲ ಬೆಳಿಗ್ಗೆ ಶಾಲೆಯ ಜಗಲಿಯ ಬೆಳಕಿನಲ್ಲಿ ನಾನು ಫ್ಲೋರೋಸಿಸ್‌ನ ತೀವ್ರತೆಯನ್ನು ಅಳೆಯುವ ಡೀನ್ ಸೂಚ್ಯಂಕವನ್ನಷ್ಟೇ ಬರೆದೆ. ಬಿಸಿಯೂಟ ಮುಗಿಸಿ ಬಾಯಿ ಮುಕ್ಕಳಿಸಿ ಬಂದ ಅದೇ ಮಕ್ಕಳ ಹುಳುಕನ್ನು, ನನ್ನ ಹಾಳೆಯನ್ನು ಕಾಣದ ಸಹೋದ್ಯೋಗಿ ನೋಡಿದರು. ಹಲ್ಲನ್ನು ಚುಚ್ಚಿ ನೋಡುವ ಚೂಪು ತುದಿಯ ಎಕ್ಸ್‌ಪ್ಲೋರರ್‌ಗಳನ್ನು ಪೆಟ್ಟಿಗೆಯಿಂದಲೇ ತೆಗೆದುಹಾಕಿ ಗುಂಡುತುದಿಯ ಪ್ರೋಬ್ ಕೊಟ್ಟೆ. ಗುಳಿಯ ತಳ ಮೆತ್ತಗಿದ್ದರೆ ಹುಳುಕು, ಅನುಮಾನ ಬಂದರೆ ಇಲ್ಲ. ಹತ್ತು ಮಕ್ಕಳಲ್ಲಿ ಒಬ್ಬರ ಮರುಪರೀಕ್ಷೆಯನ್ನು ಮುಂಚೆ ಅದೇ ದಿನ ಮಾಡುತ್ತಿದ್ದೆವು, ಮುಖ ನೆನಪಿರುತ್ತಿತ್ತು. ಈಗ ಮರುದಿನ, ಬೇರೆ ಕ್ರಮಸಂಖ್ಯೆ ಕೊಟ್ಟು ಮಾಡುತ್ತೇವೆ. ಆ ಒಬ್ಬರನ್ನು ಹೇಗೆ ಆರಿಸುತ್ತೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನೆನಪಿನಂತೆ ಕಪ್ಪಾ (ಎರಡು ಪರೀಕ್ಷೆಗಳು ಎಷ್ಟು ತಾಳೆಯಾದವು ಎಂಬ ಅಳತೆ, ಪೂರ್ತಿ ತಾಳೆಯಾದರೆ 1) 0.6ರ ಆಸುಪಾಸಿನಿಂದ 0.85 ದಾಟಿತು, ಸರಾಸರಿ ಒಂದೂಕಾಲಿಗೆ ಇಳಿಯಿತು. ಹಳೆಯ ಅಂಕಿಯನ್ನೇ ಕಳಿಸಿದ್ದರೆ ಆ ಊರುಗಳಿಗೆ ಶುದ್ಧ ನೀರಿನ ಬದಲು ಹಲ್ಲು ತುಂಬುವ ಶಿಬಿರಗಳು ಬರುತ್ತಿದ್ದವು. ಅದನ್ನು ನೆನೆದರೆ ಈಗಲೂ ಕಸಿವಿಸಿಯಾಗುತ್ತದೆ.

ನಡುವೆ ಹಲ್ಲನ್ನು ಹತ್ತಿಯಿಂದ ಒಣಗಿಸಿ ಫ್ಲೋರೋಸಿಸ್‌ನ ಇನ್ನೊಂದು, ಹೆಚ್ಚು ಸೂಕ್ಷ್ಮ ಅಳತೆಯಾದ ಟಿಎಫ್ ಸೂಚ್ಯಂಕವನ್ನೂ ಪರೀಕ್ಷಿಸಿದೆ. ಒದ್ದೆಯಲ್ಲಿ ಕಾಣದ ತೆಳು ಬಿಳಿ ಗೆರೆಗಳು ಎದ್ದು ಕಂಡವು. ಆದರೆ ಒಂದು ಮಗುವಿಗೆ ನಾಲ್ಕು ನಿಮಿಷ ಹಿಡಿದು, 50 ಮಕ್ಕಳಿಗೇ ಕೈಬಿಟ್ಟೆ. ಸಣ್ಣ ಗುಂಪಾದರೆ ಮತ್ತೆ ಮಾಡುವೆ.

ದಿನದ ಎರಡೂ ಸುತ್ತಿಗೆ ಸಾಲುವಷ್ಟು ಕನ್ನಡಿ, ಪ್ರೋಬ್ ಕೊಳ್ಳಲು 15,000 ರೂಪಾಯಿ ಹೋಯಿತು. ಜೀಪು ಹೇಗೂ ದಿನಬಾಡಿಗೆಯದು, ಹಾಗಾಗಿ ದುಪ್ಪಟ್ಟು ಎಂದಿದ್ದ ಖರ್ಚು ಏರಿದ್ದು ಕಾಲುಭಾಗ ಮಾತ್ರ. ಜೂನ್‌ನಲ್ಲಿ ಶಾಲೆ ತೆರೆದ ಮೇಲೆ 15 ವರ್ಷದವರನ್ನು ನೋಡಬೇಕು, ಹಾಳೆಗಳು ಅಚ್ಚಾಗಿವೆ.